ಲಾಂಚಿನ ಸಾಕ್ಷ್ಯಚಿತ್ರಕ್ಕೆ ಮೂರು ನಿಮಿಷದ ವಿಡಿಯೊ ಪಿಚ್: ಇತಿಹಾಸಕ್ಕೆ ಎಷ್ಟು ಜಾಗ?

ಹಿನ್ನೀರಿನವ, ತುಮರಿ:
ನಮಸ್ಕಾರ. 2025ರ ಜುಲೈಯಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದುಕೊಂಡಿತು. ಅಲ್ಲಿಯವರೆಗೆ ಬಸ್ಸು, ಕಾರು, ಮದುವೆ ದಿಬ್ಬಣಗಳನ್ನೆಲ್ಲ ಶರಾವತಿ ಹಿನ್ನೀರು ದಾಟಿಸುತ್ತಿದ್ದ ಲಾಂಚನ್ನು ನೆಚ್ಚಿ ಬದುಕಿದವರ ಕುರಿತು ಸಾಕ್ಷ್ಯಚಿತ್ರ ಮಾಡುತ್ತಿದ್ದೇನೆ; ನಾನೂ ಅದರಲ್ಲೇ ಶಾಲೆಗೆ ಹೋಗಿಬಂದವನು. ನಿರ್ಮಾಪಕರ ಸಮಿತಿಗೆ ಮೂರು ನಿಮಿಷ ಮೀರದ ವಿಡಿಯೊ ಪಿಚ್ ಕಳುಹಿಸಬೇಕಾಗಿದೆ. ನಾನು ಸಿದ್ಧಪಡಿಸಿದ್ದರಲ್ಲಿ ಅರ್ಧ ಭಾಗ ಡ್ರೋನ್ ದೃಶ್ಯಗಳ ಮೇಲೆ ಈ ಹಿನ್ನೀರಿಗೆ ಕಾರಣವಾದ 1964ರ ಲಿಂಗನಮಕ್ಕಿ ಅಣೆಕಟ್ಟಿನ ಕಥೆಯೇ ಆಗಿದೆ. ನೋಡಿದವರೆಲ್ಲ ‘ಚೆನ್ನಾಗಿದೆ’ ಎಂದರೇ ಹೊರತು ಯಾರೂ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ನನ್ನನ್ನು ಕಾಡುತ್ತಿರುವುದು ಅದೇ.

ಸಂಕಲನಕಾರ, ಸಾಗರ:
ತಮ್ಮ ಅನುಮಾನ ಸರಿಯಾಗಿದೆ. ಟ್ರೇಲರ್ ಎಂಬುದು ಪ್ರೇಕ್ಷಕನಿಗಾಗಿ ಕಥೆಯನ್ನು ಬಚ್ಚಿಟ್ಟುಕೊಳ್ಳುತ್ತದೆ. ಪಿಚ್ ಹಾಗಲ್ಲ, ಹಣ ಹೂಡುವವರಿಗೆ ಅದು ಚಿತ್ರ ಯಾರದು, ಎತ್ತ ಸಾಗುತ್ತದೆ, ಎಷ್ಟು ಚಿತ್ರೀಕರಣ ಮುಗಿದಿದೆ, ಇನ್ನೇನು ಬೇಕು ಎಂಬುದನ್ನು ಬಿಚ್ಚಿ ಹೇಳಬೇಕು. ಡ್ರೋನ್ ಯಾರಿಗಾದರೂ ಬಾಡಿಗೆಗೆ ಸಿಗುತ್ತದೆ, ಆದರೆ ಲಾಂಚಿನಲ್ಲೇ ಶಾಲೆಗೆ ಹೋಗಿಬಂದ ತಮ್ಮಂಥ ನಿರ್ದೇಶಕ ಬೇರೆಲ್ಲಿ ಸಿಗುತ್ತಾನೆ? ಮೊದಲ ಇಪ್ಪತ್ತು ಸೆಕೆಂಡಿನಲ್ಲಿ ಒಬ್ಬ ವ್ಯಕ್ತಿ ತನ್ನ ಕೆಲಸ ಮಾಡುತ್ತಿರುವುದನ್ನು ತೋರಿಸಿ, ಅನಂತರ ತಾವು ಕ್ಯಾಮೆರಾದ ಎದುರು ಕುಳಿತು, ಬರೆದದ್ದನ್ನು ಓದದೆ ಮಾತನಾಡಿ. ಚಿತ್ರ ಸ್ವಲ್ಪ ಮಂಕಾಗಿದ್ದರೆ ಯಾರೂ ತಪ್ಪು ಹಿಡಿಯುವುದಿಲ್ಲ, ಮಾತು ಕೇಳಿಸದಿದ್ದರೆ ಮಾತ್ರ ಅಲ್ಲಿಗೇ ನಿಲ್ಲಿಸುತ್ತಾರೆ. ಆದ್ದರಿಂದ ಕಾಲರ್ ಮೈಕ್ ಬಳಸಿ. ಇಂಗ್ಲಿಷ್ ಸಬ್‌ಟೈಟಲನ್ನು ವಿಡಿಯೊದಲ್ಲೇ ಅಚ್ಚಾಗುವಂತೆ ಸೇರಿಸಿ, ಪಾಸ್‌ವರ್ಡ್ ಇರುವ ಲಿಂಕನ್ನಷ್ಟೇ ಕಳುಹಿಸಿ.

ಓದುಗಾರ್ತಿ, ಹೆಗ್ಗೋಡು:
ಬಹುತೇಕ ಒಪ್ಪುತ್ತೇನೆ, ಆದರೆ ಇತಿಹಾಸವನ್ನು ಪೂರ್ತಿ ಕೈಬಿಡುವುದು ಸರಿಯಲ್ಲ. ಊರು ಮುಳುಗಿದ್ದರಿಂದಲೇ ಲಾಂಚ್ ಬಂತೆಂಬುದು ತಿಳಿಯದ ಮುಂಬೈಯ ನಿರ್ಮಾಪಕರಿಗೆ ಇದು ಸೇತುವೆ ಬಂದು ದೋಣಿ ಮೂಲೆಗೆ ಸರಿದ ಸಾಮಾನ್ಯ ಸಂಗತಿಯಾಗಿಯೇ ಕಾಣುತ್ತದೆ. ಅದಕ್ಕೆ ಒಂದೂವರೆ ನಿಮಿಷವೇನೂ ಬೇಡ. ನೀರು ಇಳಿದಾಗ ಮೇಲೇಳುವ ಹಿರೇಭಾಸ್ಕರ ಅಣೆಕಟ್ಟಿನ ಒಂದು ದೃಶ್ಯ ತಮ್ಮಲ್ಲಿದ್ದರೆ ಸಾಕು. ಜೋಗದ ಮೊದಲ ವಿದ್ಯುದಾಗಾರಕ್ಕೆ ನೀರುಣಿಸಿದ ಅಣೆಕಟ್ಟನ್ನೇ ಇನ್ನೊಂದು ಅಣೆಕಟ್ಟು ಮುಳುಗಿಸಿತು ಎಂದು ಅದರ ಮೇಲೆ ಒಂದೇ ವಾಕ್ಯ ಹೇಳಿ. ಇನ್ನೊಂದು ಮಾತು: ಸೇತುವೆಯಿಂದ ಆಸ್ಪತ್ರೆ ಹತ್ತಿರವಾದವರ ಸಂತೋಷವನ್ನೂ ಪಿಚ್‌ನಲ್ಲಿ ಸೇರಿಸಿ. ಬರಿಯ ಹಳಹಳಿಕೆಯಾದರೆ ಸಮಿತಿಯವರು ಮೊದಲು ಕೇಳುವುದೇ ಅದನ್ನು.

ಹಿನ್ನೀರಿನವ, ತುಮರಿ:
ಇಬ್ಬರಿಗೂ ಧನ್ಯವಾದಗಳು. ಹಿರೇಭಾಸ್ಕರದ ದೃಶ್ಯ ಕಳೆದ ಬೇಸಿಗೆಯದೇ ನನ್ನಲ್ಲಿದೆ, ಅದನ್ನು ಬಳಸಬಹುದೆಂದು ಹೊಳೆದೇ ಇರಲಿಲ್ಲ. ನಿನ್ನೆ ಜಗಲಿಯಲ್ಲಿ ಕುಳಿತು ಮಾತನಾಡಿದ್ದೆಲ್ಲ ತಗಡಿನ ಮೇಲಿನ ಮಳೆಯ ಸದ್ದಿನಲ್ಲಿ ಮುಳುಗಿಹೋಯಿತು. ನಾಳೆ ಒಳಗಿನ ಕೋಣೆಯಲ್ಲಿ, ಕರೆಂಟ್ ಇರುವಾಗಲೇ, ಮತ್ತೆ ಚಿತ್ರೀಕರಿಸುತ್ತೇನೆ.