ಬ್ರಸೆಲ್ಸ್ ಪಬ್ಲಿಕ್ ಅಫೇರ್ಸ್ (ಕಾನೂನು ಮಾಡುವವರಿಗೆ ಸಂಸ್ಥೆಯ ನಿಲುವು ಮುಟ್ಟಿಸುವ ಕೆಲಸ): ಸಂಸದರಿಗೆ ಕಳಿಸೋ ಟಿಪ್ಪಣಿ ಹೇಗಿರಬೇಕು?

ಪ್ರಶ್ನೆ: ಒಂದು ಮಸೂದೆಯ ಬಗ್ಗೆ ಯುರೋಪಿಯನ್ ಪಾರ್ಲಿಮೆಂಟಿಗೆ ನಮ್ಮ ಸಂಸ್ಥೆಯ ನಿಲುವು ಮುಟ್ಟಿಸಬೇಕು. ಯಾರಿಗೆ, ಯಾವ ರೂಪದಲ್ಲಿ ಕಳಿಸೋದು?

ಉತ್ತರ 1: ಆ ಮಸೂದೆಯ ರ‍್ಯಾಪೋರ್ಟರ್ (ಮಸೂದೆ ಮೇಲೆ ಪಾರ್ಲಿಮೆಂಟ್ ಸಮಿತಿಯ ವರದಿ ಬರೆಯುವ ಸಂಸದ) ಮತ್ತು ಶ್ಯಾಡೋ ರ‍್ಯಾಪೋರ್ಟರ್‌ಗಳ (ಬೇರೆ ರಾಜಕೀಯ ಗುಂಪುಗಳ ಪರ ಅದೇ ಮಸೂದೆ ನೋಡಿಕೊಳ್ಳುವ ಸಂಸದರು) ಸಹಾಯಕರಿಗೆ. ಒಂದೇ ಪುಟ ಸಾಕು. ಎರಡು ಕಾಲಂ: ಎಡಕ್ಕೆ ಮಸೂದೆ ಮಂಡಿಸಿದ ಯುರೋಪಿಯನ್ ಕಮಿಷನ್ನಿನ (ಒಕ್ಕೂಟದ ಆಡಳಿತ ಅಂಗ) ಪಠ್ಯ, ಬಲಕ್ಕೆ ನಿಮ್ಮ ತಿದ್ದುಪಡಿ, ಬದಲಾದ ಪದ ದಪ್ಪ ಓರೆ ಅಕ್ಷರದಲ್ಲಿ. ಸಮಿತಿಯಲ್ಲೂ ಇದೇ ರೂಪ, ಹಾಗೇ ಎತ್ತಿಕೊಳ್ಳಬಹುದು. ಇಂಗ್ಲಿಷ್ ಪಠ್ಯದಲ್ಲಿ ‘ಮೇ’ (may, ಮಾಡಬಹುದು) ತೆಗೆದು ‘ಶಲ್’ (shall, ಮಾಡಲೇಬೇಕು) ಹಾಕಿದರೆ ಐಚ್ಛಿಕವಾದದ್ದು ಕಡ್ಡಾಯವಾಗುತ್ತೆ. ಆ ಒಂದು ಪದವನ್ನೇ ತೋರಿಸಿ. ಬರೀ “ಕಳವಳವಿದೆ” ಅಂದರೆ ಅವರಿಗೆ ಮಂಡಿಸಲು ಏನೂ ಸಿಗಲ್ಲ.

ಉತ್ತರ 2: ತಿದ್ದುಪಡಿ ಸಲ್ಲಿಸುವ ಗಡುವಿನ ಮುಂಚೆಯೇ ಕಳಿಸಿ, ಮತದಾನದ ವಾರ ಕಳಿಸಿದರೆ ವ್ಯರ್ಥ. ಟ್ರಾನ್ಸ್‌ಪರೆನ್ಸಿ ರಿಜಿಸ್ಟರ್‌ನಲ್ಲಿ (ಒಕ್ಕೂಟದ ನಿರ್ಧಾರಗಳ ಮೇಲೆ ಪ್ರಭಾವ ಬೀರಲು ಯತ್ನಿಸುವ ಸಂಸ್ಥೆಗಳ ಪಟ್ಟಿ) ನಿಮ್ಮ ಸಂಸ್ಥೆಯ ಹೆಸರಿಲ್ಲದಿದ್ದರೆ ಯುರೋಪಿಯನ್ ಕಮಿಷನರ್ ಭೇಟಿಯೂ ಇಲ್ಲ.

ಉತ್ತರ 3: ಈ ಕ್ಷೇತ್ರಕ್ಕೆ ಹೊಸಬರಾದರೆ ಕಮಿಷನ್ನಿನ ಬ್ಲೂ ಬುಕ್ ತರಬೇತಿ (ಇಂಟರ್ನ್‌ಶಿಪ್) ನೋಡಿ: 5 ತಿಂಗಳು, ಮಾರ್ಚ್ ಮತ್ತು ಅಕ್ಟೋಬರ್‌ನಲ್ಲಿ ಶುರು. ಭಾರತೀಯರೂ ಅರ್ಜಿ ಹಾಕಬಹುದು, ಆದರೆ ಯುರೋಪಿಯನ್ ಒಕ್ಕೂಟದ ಹೊರಗಿನವರಿಗೆ ಸೀಟು ಕಡಿಮೆ.