ರಜೆಗೆ ಊರಿಗೆ ಹೋದ ಮಗು, ಎರಡು ದೇಶದ ಕೋರ್ಟು

ಉತ್ತರ ಕನ್ನಡದವರ ನಮ್ಮ ಗುಂಪಿನಲ್ಲಿ ಎರಡು ಪ್ರಶ್ನೆ ಒಟ್ಟಿಗೇ ಬಂದಿವೆ. ಒಂದು ಟೆಕ್ಸಾಸಿನಲ್ಲಿರುವ ಅಪ್ಪನದು. ಹೆಂಡತಿ ಮಗಳನ್ನು ಕರೆದುಕೊಂಡು ಬೇಸಿಗೆ ರಜೆಗೆ ಶಿರಸಿಗೆ ಹೋದವರು ಈಗ ವಾಪಸ್ ಬರುವುದಿಲ್ಲ ಅನ್ನುತ್ತಿದ್ದಾರಂತೆ. ಇನ್ನೊಂದು ಇಂಗ್ಲೆಂಡಿನ ಗಂಡನಿಂದ ದೂರವಾಗಿ ಕುಮಟಾದ ತವರಿನಲ್ಲಿರುವ ಸದಸ್ಯೆಯದು. ಗಂಡ ಅಲ್ಲಿ ಆನ್‌ಲೈನ್‌ನಲ್ಲೇ ಡಿವೋರ್ಸ್ ಅರ್ಜಿ ಹಾಕಿದ್ದಾನೆ, ಊರಿನಲ್ಲಿ ಆದ ಮದುವೆ ಹೀಗೆ ಮುರಿದುಹೋಗುತ್ತದಾ ಅಂತ ಅವರ ಪ್ರಶ್ನೆ.

ಹಿಂದೆ ನಾನು ಕಾರವಾರದಲ್ಲಿ ವಕೀಲರೊಬ್ಬರ ಹತ್ತಿರ ಜೂನಿಯರ್ ಆಗಿದ್ದೆ. ಈಗ ವಕೀಲಿ ಮಾಡುತ್ತಿಲ್ಲ. ಹಾಗಾಗಿ ಇದನ್ನು ಕಾನೂನು ಸಲಹೆ ಅಂದುಕೊಳ್ಳಬೇಡಿ. ವಕೀಲರ ಮುಂದೆ ಕೂರುವ ಮೊದಲು ಗೊತ್ತಿದ್ದರೆ ಅನುಕೂಲ ಆಗುವ ವಿಷಯಗಳು, ಅಷ್ಟೇ.

ಎರಡನೇ ಪ್ರಶ್ನೆಗೆ ಮೊದಲು ಬರುತ್ತೇನೆ, ಅದಕ್ಕೆ ಉತ್ತರ ಸ್ವಲ್ಪ ನೇರವಾಗಿದೆ. ಇಂಗ್ಲೆಂಡಿನಲ್ಲಿ 2022ರ ಏಪ್ರಿಲ್‌ನಿಂದ ಯಾರ ತಪ್ಪೆಂದೂ ಹೇಳಬೇಕಾಗಿಲ್ಲ. ಮದುವೆ ಮುರಿದುಬಿದ್ದಿದೆ ಅಂತ ಒಬ್ಬರು ಬರೆದುಕೊಟ್ಟರೆ ಸಾಕು. ನಮ್ಮ 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಅಂಥ ಕಾರಣವೇ ಇಲ್ಲ. ಕ್ರೌರ್ಯ, ತೊರೆದು ಹೋಗುವುದು, ವ್ಯಭಿಚಾರ ಇಂಥವು 13ನೇ ಸೆಕ್ಷನ್ನಿನಲ್ಲಿವೆ. ಒಪ್ಪಿಗೆಯ ವಿಚ್ಛೇದನ 13ಬಿಯಲ್ಲಿದೆ. 1991ರಲ್ಲಿ ಸುಪ್ರೀಂ ಕೋರ್ಟ್ ಈ ಬಗ್ಗೆ ಸ್ಪಷ್ಟವಾಗಿ ಹೇಳಿದೆ. ಮದುವೆ ಯಾವ ಕಾನೂನಿನಡಿ ಆಗಿದೆಯೋ ಆ ಕಾನೂನಿನಲ್ಲಿ ಇರುವ ಕಾರಣಕ್ಕೇ ವಿದೇಶಿ ಕೋರ್ಟು ವಿಚ್ಛೇದನ ಕೊಟ್ಟಿರಬೇಕು. ಇಲ್ಲದಿದ್ದರೆ ಇನ್ನೊಬ್ಬರು ತಾವಾಗಿ ಹಾಜರಾಗಿ ಆ ಕಾರಣಕ್ಕೆ ವಾದ ಮಾಡಿರಬೇಕು, ಅಥವಾ ಒಪ್ಪಿಗೆ ಕೊಟ್ಟಿರಬೇಕು. ಹೆಂಡತಿ ಕುಮಟಾದಲ್ಲೇ ಕೂತಿದ್ದು, ಗಂಡ ಒಬ್ಬನೇ ಪಡೆದ ಡಿಕ್ರಿ, ಅಂದರೆ ಕೋರ್ಟಿನ ವಿಚ್ಛೇದನ ಆದೇಶ, ಇಂಗ್ಲೆಂಡಿನಲ್ಲಿ ನಡೆಯಬಹುದು. ಭಾರತದಲ್ಲಿ ಅದು ನಿಲ್ಲುವುದು ಕಷ್ಟ. ಅದನ್ನೇ ನಂಬಿ ಅವನು ಊರಿಗೆ ಬಂದು ಇನ್ನೊಂದು ಮದುವೆ ಆದರೆ ದ್ವಿಪತ್ನಿತ್ವದ ಕೇಸಿಗೆ ದಾರಿಯಾಗುತ್ತದೆ.

ಹಾಗಂತ ಅಲ್ಲಿಂದ ಬಂದ ನೋಟಿಸನ್ನು ದೇವರ ಕೋಣೆಯ ಕಪಾಟಿನಲ್ಲಿ ಇಟ್ಟು ಸುಮ್ನೆ ಕೂರಬೇಡಿ. ನಮ್ಮ ಕಡೆ ಇದು ಜಾಸ್ತಿ. ಉತ್ತರ ಕೊಟ್ಟರೆ ಆ ಕೋರ್ಟಿನ ಅಧಿಕಾರ ಒಪ್ಪಿದ ಹಾಗೆ ಆಗಬಹುದು, ಕೊಡದಿದ್ದರೆ ಮಗು ಮತ್ತು ಹಣದ ಬಗ್ಗೆ ಏಕಪಕ್ಷೀಯ ಆದೇಶ ಬರಬಹುದು. ಎರಡರಲ್ಲಿ ಯಾವುದು ಅಂತ ತೀರ್ಮಾನ ಮಾಡಲು ಅಲ್ಲಿಯ ಒಬ್ಬ ವಕೀಲರು, ಇಲ್ಲಿಯ ಒಬ್ಬ ವಕೀಲರು ಇಬ್ಬರೂ ಬೇಕು. ಖರ್ಚಿನ ವಿಷಯ, ನಿಜ.

ಈಗ ಟೆಕ್ಸಾಸಿನ ಅಪ್ಪನ ವಿಷಯ. ಇದರಲ್ಲಿ ಯಾರೇ ಸರಿ ಇರಲಿ, ದಿನ ಕಳೆದಷ್ಟೂ ಕಗ್ಗಂಟಾಗುತ್ತದೆ.

ಮಗುವನ್ನು ಒಂದು ದೇಶದಿಂದ ಇನ್ನೊಂದಕ್ಕೆ ಕರೆದೊಯ್ದರೆ ಬೇಗ ವಾಪಸ್ ತರಿಸುವುದಕ್ಕೆ 1980ರ ಹೇಗ್ ಒಪ್ಪಂದ ಇದೆ. ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ ಎಲ್ಲ ಅದರಲ್ಲಿವೆ. ಭಾರತ ಸೇರಿಲ್ಲ. ಆದ್ದರಿಂದ ಅಮೆರಿಕದ ಕೋರ್ಟಿನ ಆದೇಶ ಹಿಡಿದು ಶಿರಸಿ ಠಾಣೆಗೆ ಹೋದರೆ ಪೊಲೀಸರು ಮಗುವನ್ನು ಕರೆತಂದು ಒಪ್ಪಿಸುವುದಿಲ್ಲ. ಸಾಮಾನ್ಯವಾಗಿ ಅಪ್ಪ ಮೊದಲು ಅಲ್ಲಿಯ ಕೋರ್ಟಿನಲ್ಲಿ ಕಸ್ಟಡಿ ಆದೇಶ ಪಡೆಯುತ್ತಾನೆ. ಅಮೆರಿಕದ ರಾಜ್ಯಗಳಲ್ಲಿ ಮಗು ಹಿಂದಿನ 6 ತಿಂಗಳು ಎಲ್ಲಿ ವಾಸವಿತ್ತೋ ಆ ರಾಜ್ಯಕ್ಕೇ ಮೊದಲ ಅಧಿಕಾರ. ಆಮೇಲೆ ಇಲ್ಲಿ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ, ಅಂದರೆ ಮಗುವನ್ನು ಕೋರ್ಟಿನ ಮುಂದೆ ಹಾಜರುಪಡಿಸಿ ಅಂತ ಕೇಳುವ ಅರ್ಜಿ. ಉತ್ತರ ಕನ್ನಡದವರಿಗೆ ಅದು ಬೆಂಗಳೂರಲ್ಲ, ಧಾರವಾಡ ಪೀಠ. ಬೆಂಗಳೂರಿನ ವಕೀಲರನ್ನು ಹಿಡಿದು ವಾರಗಟ್ಟಲೆ ಕಳೆಯುವ ಮುಂಚೆ ಇದು ನೆನಪಿರಲಿ.

ಹೈಕೋರ್ಟ್ ಏನು ಮಾಡುತ್ತದೆ? ಅಪ್ಪಂದಿರು 2020ರ ಸುಪ್ರೀಂ ಕೋರ್ಟ್ ತೀರ್ಪು ತೋರಿಸುತ್ತಾರೆ, ಅದರಲ್ಲಿ ಅಮೆರಿಕದಲ್ಲಿ ಹುಟ್ಟಿದ ಪುಟ್ಟ ಮಗುವನ್ನು ಅಲ್ಲಿಗೇ ಕಳಿಸಲು ಹೇಳಿತ್ತು. ಅಮ್ಮಂದಿರು 2017ರದ್ದು ತೋರಿಸುತ್ತಾರೆ, ಅದರಲ್ಲಿ ಬ್ರಿಟನ್ನಿನ ಕೋರ್ಟಿನ ಆದೇಶ ಇದ್ದರೂ ಮಗಳು ತಾಯಿಯ ಜೊತೆ ಇಲ್ಲೇ ಉಳಿದಳು. ಎರಡರಲ್ಲೂ ಕೋರ್ಟು ಹೇಳಿದ್ದು ಮಗುವಿನ ಹಿತವೇ ಮುಖ್ಯ ಅಂತ. ವಿದೇಶಿ ಆದೇಶ ಪರಿಗಣಿಸಬೇಕಾದ ಒಂದು ಅಂಶ ಮಾತ್ರ. ವ್ಯತ್ಯಾಸ ಬರುವುದು ಮಗುವಿನ ವಯಸ್ಸು, ಎಲ್ಲಿ ಎಷ್ಟು ಕಾಲ ಇತ್ತು, ಇಲ್ಲಿ ಶಾಲೆಗೆ ಸೇರಿ ಎಷ್ಟು ದಿನ ಆಯಿತು, ಅಪ್ಪ ಎಷ್ಟು ಬೇಗ ಕೋರ್ಟಿಗೆ ಬಂದ ಅನ್ನುವುದರಿಂದ. 5 ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಹತ್ತಿರ ಇರಬೇಕು ಅಂತ ಮಕ್ಕಳ ಪೋಷಕತ್ವದ 1956ರ ಹಿಂದೂ ಕಾಯ್ದೆಯಲ್ಲಿದೆ. ಆದರೆ ಅಪ್ಪನಿಗೆ ಸಿಗುವುದೇ ಇಲ್ಲ ಅಂತ ಅದರ ಅರ್ಥ ಅಲ್ಲ.

ಅಮ್ಮಂದಿರಿಗೂ ಒಂದು ಮಾತು. ಶಿರಸಿಯಲ್ಲೋ ಕಾರವಾರದಲ್ಲೋ ಕಸ್ಟಡಿ ಅರ್ಜಿ ಹಾಕಿದರೆ ಮುಗಿಯಿತು ಅಂದುಕೊಳ್ಳಬೇಡಿ. 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆ ಮಗು ಸಾಮಾನ್ಯವಾಗಿ ಎಲ್ಲಿ ವಾಸವಿತ್ತು ಅಂತ ಕೇಳುತ್ತದೆ. 2019ರಲ್ಲಿ ಅಮೆರಿಕದಿಂದ ಮಕ್ಕಳನ್ನು ಕರೆತಂದ ತಾಯಿಯೊಬ್ಬರು ಇಲ್ಲಿ ಹಾಕಿದ್ದ ಅರ್ಜಿಯನ್ನು ಇದೇ ಕಾರಣಕ್ಕೆ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಅಮೆರಿಕದಲ್ಲಂತೂ 1993ರ ಕಾಯ್ದೆ ಪ್ರಕಾರ ಇನ್ನೊಬ್ಬ ಪೋಷಕರ ಹಕ್ಕಿಗೆ ಅಡ್ಡಿ ಮಾಡಲು ಮಗುವನ್ನು ದೇಶದ ಹೊರಗೆ ಇಟ್ಟುಕೊಳ್ಳುವುದು ಅಪರಾಧ. ಮುಂದೆ ಅಲ್ಲಿಗೆ ಕೆಲಸಕ್ಕೆ ಹೋಗಬೇಕು ಅಂದಾಗ ಇದು ಎದುರಿಗೆ ಬರುತ್ತದೆ.

ಗುಂಪಿನಲ್ಲಿ ಕೆಲವರು ಸೀದಾ ‘ಕಿಡ್ನಾಪ್’ ಅಂದರು. ಅಷ್ಟು ಅವಸರ ಬೇಡ ಅನ್ನಿಸುತ್ತದೆ ನನಗೆ. ಅಮೆರಿಕದಲ್ಲಿ ಎಚ್-4 ವೀಸಾದಲ್ಲಿ, ಅಂದರೆ ಗಂಡನ ಕೆಲಸದ ವೀಸಾದ ಆಧಾರದ ಮೇಲೆ ಇರುವ ಹೆಂಗಸಿಗೆ ಡಿವೋರ್ಸ್ ಆದ ದಿನವೇ ಅಲ್ಲಿ ಇರುವ ಆಧಾರ ಹೋಗುತ್ತದೆ. ಹೊಡೆತ ತಿನ್ನುತ್ತಿದ್ದವಳು, ಕೈಯಲ್ಲಿ ದುಡ್ಡಿಲ್ಲದವಳು ತವರಿಗೆ ಹೋಗದೆ ಇನ್ನೆಲ್ಲಿಗೆ ಹೋಗಬೇಕು? ಆದರೆ ಹೋಗುವ ಮೊದಲು ಅಲ್ಲಿಯ ಕೋರ್ಟಿನಿಂದ ರಕ್ಷಣಾ ಆದೇಶ, ಮಗುವಿನ ಜೊತೆ ಊರಿಗೆ ಹೋಗಲು ಅನುಮತಿ, ಆಸ್ಪತ್ರೆಯ ಕಾಗದ, ಪೊಲೀಸ್ ದೂರಿನ ಪ್ರತಿ ಇವುಗಳಲ್ಲಿ ಸಿಕ್ಕಷ್ಟು ಇಟ್ಟುಕೊಂಡಿದ್ದರೆ ಧಾರವಾಡದಲ್ಲಿ ಅವಳ ಮಾತಿಗೆ ತೂಕ ಬರುತ್ತದೆ. ಇಲ್ಲಿ ಬಂದ ಮೇಲೆ ಮಹಿಳೆಯರಿಗೆ ಉಚಿತ ವಕೀಲರು ಸಿಗುತ್ತಾರೆ, ಆದಾಯದ ಮಿತಿ ಇಲ್ಲ. ಕಾರವಾರದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಿ. ರಾಷ್ಟ್ರೀಯ ಮಹಿಳಾ ಆಯೋಗದಲ್ಲಿ ಅನಿವಾಸಿ ಮದುವೆಗಳಿಗೇ ಬೇರೆ ವಿಭಾಗ ಇದೆ.

ಊರಿನ ಹಿರಿಯರದ್ದು ಇನ್ನೊಂದು ದಾರಿ. ಮೊದಲು ‘ಹೊಂದ್ಕಂಡು ಹೋಗಿ’ ಅನ್ನುತ್ತಾರೆ. ಆಗಲ್ಲ ಅಂದಾಗ ನಾಲ್ಕು ಜನ ಕೂತು, ಬಾಂಡ್ ಪೇಪರ್ ಮೇಲೆ ಬಿಡುಗಡೆ ಪತ್ರ ಬರೆಸಿ, ನೋಟರಿ ಸೀಲು ಹಾಕಿಸಿಬಿಡುತ್ತಾರೆ. ಅದು ವಿಚ್ಛೇದನ ಅಲ್ಲ. ಕೆಲವು ಸಮುದಾಯಗಳಲ್ಲಿ ರೂಢಿಯ ವಿಚ್ಛೇದನವನ್ನು ಕಾಯ್ದೆ ಒಪ್ಪುತ್ತದೆ, ಆದರೆ ಆ ರೂಢಿ ಇತ್ತು ಅಂತ ಸಾಬೀತು ಮಾಡಬೇಕು. ವಿದೇಶದಲ್ಲಿ ಮರುಮದುವೆ ಅಥವಾ ವೀಸಾಕ್ಕೆ ಆ ಕಾಗದ ತೋರಿಸಿದರೆ ಕೋರ್ಟಿನ ಡಿಕ್ರಿ ತನ್ನಿ ಅನ್ನುತ್ತಾರೆ.

ಇಬ್ಬರೂ ಒಪ್ಪಿದ್ದರೆ 13ಬಿಯೇ ಸುಲಭ. ಒಂದು ವರ್ಷ ಬೇರೆ ಬಾಳಿರಬೇಕು. ಒಂದೇ ಮನೆಯಲ್ಲಿದ್ದು ಗಂಡ ಹೆಂಡತಿಯಾಗಿ ಬಾಳದಿದ್ದರೂ ಅದು ಬೇರೆ ಬಾಳುವುದೇ, ಹೊರದೇಶದ ಬಾಡಿಗೆ ನೋಡಿದರೆ ಇದು ಹಲವರಿಗೆ ಬೇಕಾದ ಮಾತು. ಅರ್ಜಿ ಹಾಕಿದ ಮೇಲೆ ಕಾಯಬೇಕಾದ 6 ತಿಂಗಳನ್ನು ಮನ್ನಾ ಮಾಡುವ ಅಧಿಕಾರ ಕೋರ್ಟಿಗಿದೆ ಅಂತ 2017ರಲ್ಲಿ ತೀರ್ಪು ಬಂದಿದೆ. ಮದುವೆ ಆದ ಜಾಗ, ಕೊನೆಗೆ ಒಟ್ಟಿಗೆ ಬಾಳಿದ ಜಾಗ, ಹೆಂಡತಿ ಅರ್ಜಿ ಹಾಕುವುದಾದರೆ ಅವಳು ಈಗ ಇರುವ ಜಾಗ, ಇವುಗಳಲ್ಲಿ ಎಲ್ಲಾದರೂ ಹಾಕಬಹುದು. ಶಿರಸಿಯ ಕಲ್ಯಾಣ ಮಂಟಪದಲ್ಲಿ ತಾಳಿ ಕಟ್ಟಿದ್ದರೆ ಇಬ್ಬರೂ ಈಗ ಎಲ್ಲಿದ್ದರೂ ಅಲ್ಲಿ ಹಾಕಲು ಅಡ್ಡಿ ಇಲ್ಲ. ಅಪ್ಪನಿಗೋ ಅಣ್ಣನಿಗೋ ಮುಖ್ತ್ಯಾರನಾಮೆ (ಪವರ್ ಆಫ್ ಅಟಾರ್ನಿ) ಕೊಟ್ಟು, ಹೇಳಿಕೆಯನ್ನು ವಿಡಿಯೋದಲ್ಲಿ ಕೊಡಲು ಕೋರ್ಟಿನ ಅನುಮತಿ ಕೇಳಬಹುದು. ಆ ಮುಖ್ತ್ಯಾರನಾಮೆ ಕಾನ್ಸುಲೇಟಿನಲ್ಲಿ ದೃಢೀಕರಣ ಆಗಿರಲಿ ಅಥವಾ ಅಪೋಸ್ಟಿಲ್ (ಬೇರೆ ದೇಶದಲ್ಲಿ ನಡೆಯುವಂತೆ ಹಾಕುವ ಸರ್ಕಾರಿ ದೃಢೀಕರಣ) ಆಗಿರಲಿ. ಆ ಕಾಗದ ರಾಜ್ಯಕ್ಕೆ ಬಂದ 3 ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಿ. ಇದನ್ನು ಮರೆತು ಒದ್ದಾಡಿದವರನ್ನು ಕಂಡಿದ್ದೇನೆ.

ಭಟ್ಕಳದ, ಹೊನ್ನಾವರದ ಮುಸ್ಲಿಂ ಮತ್ತು ಕ್ರೈಸ್ತ ಸದಸ್ಯರಿಗೆ ಕಾಯ್ದೆ ಬೇರೆ. ಕಾಳಿ ಸೇತುವೆ ದಾಟಿ ಗೋವಾದಲ್ಲಿ ಮದುವೆ ನೋಂದಣಿ ಮಾಡಿಸಿದವರೂ ತಮ್ಮ ಕಾಗದ ಒಮ್ಮೆ ವಕೀಲರಿಗೆ ತೋರಿಸಿ. ಅಲ್ಲಿಯ ಸಿವಿಲ್ ಕೋಡ್ ಪ್ರಕಾರ ಮೊದಲೇ ಒಪ್ಪಂದ ಬರೆಯದಿದ್ದರೆ ಆಸ್ತಿ ಇಬ್ಬರದ್ದೂ ಒಟ್ಟು.

ಆಸ್ತಿ ಅಂದಾಗ ಅಡಿಕೆ ತೋಟ ಬರಲೇಬೇಕು ಅಲ್ವಾ. ಹಿಂದೂ ಕಾನೂನಿನಲ್ಲಿ ಮದುವೆಯಿಂದ ತೋಟದ ಅರ್ಧ ಹೆಂಡತಿಗೆ ಬರುವುದಿಲ್ಲ. ಆದರೆ ಜೀವನಾಂಶ ಗೊತ್ತು ಮಾಡುವಾಗ ತೋಟದ ಆದಾಯವನ್ನೂ ನೋಡುತ್ತಾರೆ. 2020ರಿಂದ ಎರಡೂ ಕಡೆಯವರು ಆಸ್ತಿ, ಸಾಲದ ಅಫಿಡವಿಟ್ ಹಾಕಬೇಕು. ಹಿಸ್ಸೆ ಆಗಿಲ್ಲ, ಪಹಣಿ ಅಜ್ಜನ ಹೆಸರಿನಲ್ಲೇ ಇದೆ ಅಂತ ಬಿಟ್ಟುಬಿಡುವಂತಿಲ್ಲ. ಅಮೆರಿಕದ ಕೋರ್ಟಿಗೆ ಶಿರಸಿಯ ಜಮೀನಿನ ಮಾಲೀಕತ್ವ ಬದಲಿಸುವ ಅಧಿಕಾರ ಇಲ್ಲ, ಆದರೆ ನಿಮ್ಮ ಪಾಲಿನ ಲೆಕ್ಕ ಕೇಳುವುದು ಬಿಡುವುದಿಲ್ಲ. ಮುಚ್ಚಿಟ್ಟು ಸಿಕ್ಕಿಬಿದ್ದರೆ ಬೇರೆ ವಿಷಯದಲ್ಲೂ ನಿಮ್ಮ ಮಾತು ನಂಬುವುದಿಲ್ಲ.

ಕೊನೆಗೆ, ಮೊನ್ನೆ ಒಬ್ಬರು ಕೇಳಿದ ಪ್ರಶ್ನೆ: ದೂರದ ಮೊಮ್ಮಗುವನ್ನು ನೋಡಲು, ಮಾತಾಡಿಸಲು ಅಜ್ಜ ಅಜ್ಜಿಗೆ ಹಕ್ಕಿದೆಯಾ? ಮಗುವನ್ನು ಅಮೆರಿಕಕ್ಕೆ ಕಳಿಸಲು ಹೇಳಿದ 2020ರ ಅದೇ ತೀರ್ಪಿನಲ್ಲಿ ಮಗುವಿನಿಂದ ದೂರ ಇರುವ ಪೋಷಕರಿಗೆ ವಿಡಿಯೋ ಕಾಲ್‌ನಲ್ಲಿ ದಿನವೂ ಮಾತಾಡುವ ಅವಕಾಶ ಇರಬೇಕು ಅಂದಿದ್ದಾರೆ. ಅಜ್ಜ ಅಜ್ಜಿಗೆ ಅಂಥ ಬೇರೆ ಕಾಯ್ದೆ ಇಲ್ಲ, ಒಪ್ಪಂದದಲ್ಲೇ ಬರೆಸಿಕೊಳ್ಳಬೇಕು. ರಜೆಯಲ್ಲಿ ಮಗು ಎಷ್ಟು ದಿನ ಶಿರಸಿಯಲ್ಲಿ, ವಾಪಸ್ ಟಿಕೆಟ್ ಯಾರದ್ದು, ಪಾಸ್‌ಪೋರ್ಟ್ ಮತ್ತು ಒಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಕಾರ್ಡ್) ಯಾರ ಹತ್ತಿರ, ಅಷ್ಟನ್ನೂ ಬರೆಸಿ. ಅದೇ ಷರತ್ತುಗಳ ಆದೇಶವನ್ನು ಎರಡೂ ದೇಶದ ಕೋರ್ಟಿನಲ್ಲಿ ತೆಗೆದುಕೊಳ್ಳಿ. ವಕೀಲರು ಇದನ್ನು ಮಿರರ್ ಆರ್ಡರ್ ಅನ್ನುತ್ತಾರೆ. ಟೆಕ್ಸಾಸಿನ ಸದಸ್ಯರೇ, ನಿಮ್ಮವರ ಜೊತೆ ಮಾತು ಇನ್ನೂ ಪೂರ್ತಿ ನಿಂತಿಲ್ಲ ಅಂದಿದ್ದೀರಿ. ಧಾರವಾಡಕ್ಕೆ ಅರ್ಜಿ ಸಿದ್ಧ ಮಾಡಿಸುತ್ತಲೇ ಈ ಒಪ್ಪಂದದ ಕರಡನ್ನೂ ಅವರ ವಕೀಲರಿಗೆ ಕಳಿಸಿ ನೋಡಿ.