ಜೊತೆಯ ನರ್ಸ್‌ಗಳು ರೋಗಿಯ ಮೈ ಒರೆಸದೆ ಬಿಟ್ಟು ಹೋದರೆ ಏನು ಮಾಡಬೇಕು?

ಪ್ರಶ್ನೆ (ನರ್ಸಿಂಗ್ ಆಫೀಸರ್, ಕೊಪ್ಪಳ ಜಿಲ್ಲೆ):

ಮೇಡಂ, ನಮಸ್ಕಾರ. ನಾನು ಮೆಡಿಸಿನ್ ವಾರ್ಡಿನಲ್ಲಿ ಗುತ್ತಿಗೆ ಮೇಲೆ ಕೆಲಸ ಮಾಡುತ್ತಿದ್ದೇನೆ. ಲಕ್ವಾ ಹೊಡೆದು ಮಲಗಿದವರು ನಮ್ಮಲ್ಲಿ ಯಾವಾಗಲೂ ಇರುತ್ತಾರೆ. ಬೆಳಿಗ್ಗೆ ಡ್ಯೂಟಿಗೆ ಬಂದರೆ ರಾತ್ರಿಯ ಡಯಾಪರ್ ಹಾಗೇ ಇರುತ್ತದೆ. ಬಾಯಿ ಒಣಗಿ ನಾಲಿಗೆ ಮೇಲೆ ಬಿಳಿ ಪದರ ಕಟ್ಟಿರುತ್ತದೆ. ಕೇಸ್ ಶೀಟಿನಲ್ಲಿ ಮಾತ್ರ ಮೌತ್ ಕೇರ್ ಆಗಿದೆ, ಪೊಸಿಷನ್ ಬದಲಿಸಿದೆ ಅಂತ ಬರೆದಿರುತ್ತಾರೆ. ಹೋದ ವಾರ ಒಬ್ಬ ಅಜ್ಜಿ "ಯವ್ವಾ, ಬೆನ್ನು ಉರಿಯಾಕತ್ತೈತಿ" ಅಂದರು. ಮಗ್ಗುಲು ಮಾಡಿ ನೋಡಿದರೆ ಸೊಂಟದ ಕೆಳಗೆ ಚರ್ಮ ಸುಲಿದು ಬೆಡ್‌ಶೀಟಿಗೆ ಅಂಟಿತ್ತು. ನೈಟ್ ಡ್ಯೂಟಿಯ ಸೀನಿಯರನ್ನು ಕೇಳಿದೆ. "ಅದು ಆಯಾ ಕೆಲಸ. ಇಲ್ಲಾಂದ್ರೆ ಮನೆಯವರು ನೋಡಿಕೊಳ್ಳಲಿ" ಅಂದರು. ನಾನು ಕಿರಿಯಳು. ದೂರು ಕೊಟ್ಟರೆ ಎಲ್ಲರ ಬಾಯಿಗೆ ಬೀಳುತ್ತೇನೆ. ಸುಮ್ಮನಿದ್ದರೆ ಮನಸ್ಸು ಒಪ್ಪುತ್ತಿಲ್ಲ. ಏನು ಮಾಡಲಿ?

ಉತ್ತರ (ನಿವೃತ್ತ ನರ್ಸಿಂಗ್ ಸೂಪರಿಂಟೆಂಡೆಂಟ್, ಬಳ್ಳಾರಿ):

ತಂಗಿ, ಮೊದಲು ಆ ಅಜ್ಜಿಯ ವಿಷಯ. ಚರ್ಮ ಸುಲಿದಿದೆ ಅಂದರೆ ಅದು ಎರಡನೇ ಹಂತದ ಬೆಡ್‌ಸೋರ್ (ಒಂದೇ ಕಡೆ ಮಲಗಿ ಒತ್ತಡದಿಂದ ಆಗುವ ಹುಣ್ಣು) ಇರಬಹುದು. ಡಾಕ್ಟರಿಗೆ ತೋರಿಸಿದ್ದೀರಾ? ಇಲ್ಲದಿದ್ದರೆ ಇವತ್ತೇ ತೋರಿಸಿ. ಗಾಯದ ಅಳತೆ, ಜಾಗ, ಬಣ್ಣ, ವಾಸನೆ, ನೋಡಿದ ಸಮಯ ಎಲ್ಲ ಬರೆದಿಡಿ. ಆ ಗಾಯದ ಮೇಲೆ ಭಾರ ಬೀಳದ ಹಾಗೆ ಮಲಗಿಸಿ.

ಇನ್ನು ಆ ಸೀನಿಯರ್ ಮಾತು. ಡಯಾಪರ್ ತೆಗೆಯಲು, ನೀರು ತಂದುಕೊಡಲು ಆಯಾ ನೆರವಾಗಬಹುದು. ಆದರೆ ರೋಗಿಯ ಮೈ ಸ್ವಚ್ಛವಾಗಿದೆಯಾ ಅಂತ ನೋಡುವ ಜವಾಬ್ದಾರಿ ನರ್ಸಿನದೇ. ಮೈ ಒರೆಸುವಾಗಲೇ ಅಲ್ವಾ ನಾವು ರೋಗಿಯ ಮೈಯನ್ನು ಪೂರ್ತಿ ನೋಡುವುದು? ಹಿಮ್ಮಡಿ, ಸೊಂಟದ ಕೆಳಗಿನ ಮೂಳೆ, ಭುಜದ ಹಿಂದೆ, ತಲೆಯ ಹಿಂಭಾಗ, ಕಿವಿಯ ಅಂಚು. ಇವೆಲ್ಲ ಬೇರೆ ಯಾವ ರೌಂಡ್ಸಿನಲ್ಲೂ ಕಾಣುವುದಿಲ್ಲ. ಡಾಕ್ಟರ್ ಎದೆಗೆ ಸ್ಟೆತಸ್ಕೋಪ್ ಇಟ್ಟು ಮುಂದಿನ ಬೆಡ್ಡಿಗೆ ಹೋಗುತ್ತಾರೆ. ಬೆನ್ನು ನೋಡುವವರು ನಾವು. ಒರೆಸುವುದನ್ನು ಬಿಟ್ಟರೆ ನೋಡುವುದನ್ನೂ ಬಿಟ್ಟ ಹಾಗೆ.

ನಮ್ಮ ಕಡೆಯವರ ಕಪ್ಪು ಚರ್ಮದಲ್ಲಿ ಶುರುವಿನ ಕೆಂಪು ಎದ್ದು ಕಾಣುವುದಿಲ್ಲ. ಸುತ್ತಲಿನ ಚರ್ಮಕ್ಕಿಂತ ಬಣ್ಣ ಗಾಢವಾಗಿದೆಯಾ, ಮುಟ್ಟಿದರೆ ಬಿಸಿ ಇದೆಯಾ, ಗಟ್ಟಿ ಇದೆಯಾ ನೋಡಬೇಕು. ಅದೂ ಏಪ್ರಿಲ್, ಮೇ ತಿಂಗಳ ನಮ್ಮ ಬಿಸಿಲಿನಲ್ಲಿ ರೆಕ್ಸಿನ್ ಹಾಸಿಗೆ ಮೇಲೆ ಮಲಗಿದವರ ಬೆನ್ನು ಬೆವರಿನಿಂದಲೇ ನೆನೆದು ಮೆತ್ತಗಾಗಿರುತ್ತದೆ. ಅದರ ಮೇಲೆ ಮೂತ್ರ ಸೇರಿದರೆ ಚರ್ಮ ಸುಲಿಯಲು ಒಂದು ರಾತ್ರಿ ಸಾಕು.

ಸೀನಿಯರ್ ಹತ್ತಿರ ಮಾತಾಡುವುದು ಹೇಗೆ ಅಂದರೆ, "ನೀವು ಮಾಡಿಲ್ಲ" ಅಂತ ಶುರು ಮಾಡಬೇಡಿ. ಹ್ಯಾಂಡೋವರನ್ನು, ಅಂದರೆ ಡ್ಯೂಟಿ ಬದಲಾಗುವಾಗ ರೋಗಿಗಳ ವಿವರವನ್ನು, ಟೇಬಲ್ ಹತ್ತಿರ ನಿಂತು ತಗೊಳ್ಳಬೇಡಿ, ಬೆಡ್ ಹತ್ತಿರ ತಗೊಳ್ಳಿ. "ಸಿಸ್ಟರ್, ಒಂದು ನಿಮಿಷ ಬರ್ತೀರಾ, ಇವರನ್ನು ಇಬ್ಬರೂ ಸೇರಿ ಮಗ್ಗುಲು ಮಾಡೋಣ" ಅಂತ ಕರೆಯಿರಿ. ಬೆನ್ನು ಇಬ್ಬರ ಕಣ್ಣಿಗೂ ಬೀಳುತ್ತದೆ. ಹೇಗಿದೆಯೋ ಹಾಗೆ ಇಬ್ಬರ ಎದುರಿಗೇ ಬರೆಯಿರಿ. ದಿನಾ ಬೆಳಿಗ್ಗೆ ಹೀಗೆ ನೋಡುತ್ತಾರೆ ಅಂತ ಗೊತ್ತಾದರೆ ಬಹಳ ಜನ ತಾವೇ ರಾತ್ರಿ ಒಂದು ಸಲ ಡಯಾಪರ್ ಬದಲಿಸಿ ಹೋಗುತ್ತಾರೆ. ನಾನು ಇನ್‌ಚಾರ್ಜ್ ಆಗಿದ್ದಾಗ ಎಷ್ಟು ಬೈದರೂ ಆಗದ ಕೆಲಸ ಇದರಿಂದ ಆಗಿದೆ.

ಪ್ರಶ್ನೆ (ಅದೇ ನರ್ಸಿಂಗ್ ಆಫೀಸರ್):

ಅಜ್ಜಿಯನ್ನು ಆವತ್ತೇ ಡಾಕ್ಟರಿಗೆ ತೋರಿಸಿದೆ ಮೇಡಂ. ಡ್ರೆಸಿಂಗ್ ನಡೆಯುತ್ತಿದೆ. ಹ್ಯಾಂಡೋವರ್ ವಿಷಯ ಮಾಡಿ ನೋಡುತ್ತೇನೆ. ಆದರೆ ಮಾಡದ ಕೆಲಸವನ್ನು ಮಾಡಿದೆ ಅಂತ ಬರೆದಿರುತ್ತಾರಲ್ಲ, ಅದಕ್ಕೇನು ಮಾಡುವುದು? ನಾನೂ ಹಾಗೇ ಮುಂದುವರಿಸಿ ಬರೀಬೇಕು ಅಂತ ನಿರೀಕ್ಷಿಸುತ್ತಾರೆ.

ಉತ್ತರ:

ಬರೆಯಲೇಬೇಡಿ. ಇದರಲ್ಲಿ ಮುಲಾಜು ಬೇಡ. ನಿಮ್ಮ ಸಹಿಯ ಕೆಳಗೆ ನೀವು ಮಾಡಿದ್ದು, ನೀವು ಕಂಡದ್ದು ಮಾತ್ರ ಇರಲಿ. ಕೇಸ್ ಶೀಟಿನಲ್ಲಿ ಅವರ ಹೆಸರು ಹಾಕಿ ಬೈಯುವುದೂ ಬೇಡ, ಅದು ರೋಗಿಯ ದಾಖಲೆ. "ಬೆಳಿಗ್ಗೆ 8:10ಕ್ಕೆ ಡ್ಯೂಟಿ ತಗೊಂಡಾಗ ಡಯಾಪರ್ ಪೂರ್ತಿ ಒದ್ದೆ, ಸೊಂಟದ ಕೆಳಗೆ 3 ಸೆಂಟಿಮೀಟರ್ ಚರ್ಮ ಸುಲಿದಿದೆ, ಸ್ವಚ್ಛ ಮಾಡಿ ಎಡ ಮಗ್ಗುಲಿಗೆ ಮಲಗಿಸಿದೆ, ಡಾಕ್ಟರಿಗೆ ತಿಳಿಸಿದೆ." ಇಷ್ಟು ಸಾಕು. ಓದಿದವರಿಗೆ ಎಲ್ಲ ಅರ್ಥವಾಗುತ್ತದೆ.

ಮೊಬೈಲಿನಲ್ಲಿ ಗಾಯದ ಫೋಟೋ ತೆಗೆದು ವಾರ್ಡಿನ ವಾಟ್ಸಾಪ್ ಗ್ರೂಪಿಗೆ ಹಾಕುವುದು ಮಾತ್ರ ಬೇಡ. ಅದು ಆ ಅಜ್ಜಿಯ ಮರ್ಯಾದೆಯ ಪ್ರಶ್ನೆ.

ಎರಡು ಮೂರು ಸಲ ಹೇಳಿಯೂ ಹಾಗೇ ನಡೆದರೆ ಇನ್‌ಚಾರ್ಜ್ ಸಿಸ್ಟರ್‌ಗೆ ಹೇಳಿ. ಬಾಯಿ ಮಾತಿನಲ್ಲಿ ಆಗದಿದ್ದರೆ ನರ್ಸಿಂಗ್ ಸೂಪರಿಂಟೆಂಡೆಂಟ್‌ಗೆ ತಾರೀಖು, ಬೆಡ್ ನಂಬರ್, ಕಂಡದ್ದು ಎಲ್ಲ ಬರೆದು ಕೊಡಿ. ಇನ್ಸಿಡೆಂಟ್ ರಿಪೋರ್ಟ್ ಫಾರ್ಮ್ ಇದ್ದರೆ ಅದರಲ್ಲೇ ತುಂಬಿ. ಗುತ್ತಿಗೆಯವರಿಗೆ ಇದು ಕಷ್ಟ ಅಂತ ನನಗೆ ಗೊತ್ತು. ಅದಕ್ಕೇ ಒಬ್ಬರೇ ಹೋಗಬೇಡಿ. ನಿಮ್ಮ ಹಾಗೇ ಕಂಡ ಇನ್ನೊಬ್ಬರು ಇದ್ದೇ ಇರುತ್ತಾರೆ. ಇಬ್ಬರೂ ಸಹಿ ಹಾಕಿ ಕೊಡಿ. ಅದರಲ್ಲಿ ಶಿಕ್ಷೆ ಕೇಳಬೇಡಿ, ರಾತ್ರಿಗೆ ಪೊಸಿಷನ್ ಚಾರ್ಟ್ ಬೇಕು, ಇನ್ನೊಬ್ಬ ಆಯಾ ಬೇಕು ಅಂತ ಕೇಳಿ.

ಪ್ರಶ್ನೆ (ಸ್ಟಾಫ್ ನರ್ಸ್, ರಾಯಚೂರು):

ಮೇಡಂ, ನಾನು ನೈಟ್ ಡ್ಯೂಟಿ ಮಾಡುವವನು. ನಮ್ಮ ಕಡೆಯ ಮಾತೂ ಕೇಳಿ. ಒಬ್ಬನೇ ಇರುತ್ತೇನೆ, ವಾರ್ಡ್ ತುಂಬಿರುತ್ತದೆ. ಇಂಜೆಕ್ಷನ್, ಡ್ರಿಪ್ ಮುಗಿಸುವಷ್ಟರಲ್ಲಿ ಬೆಳಗಾಗುತ್ತದೆ. ಎರಡು ಗಂಟೆಗೊಮ್ಮೆ ಎಲ್ಲರನ್ನೂ ಹೊರಳಿಸುವುದು ಹೇಗೆ?

ಉತ್ತರ:

ತಮ್ಮಾ, ನೀವು ಹೇಳಿದ್ದು ಖರೆ. ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಪ್ರಕಾರ ವಾರ್ಡಿನಲ್ಲಿ ಕಲಿಕಾ ಆಸ್ಪತ್ರೆಯಾದರೆ 3 ರೋಗಿಗೆ, ಸಾಮಾನ್ಯ ಆಸ್ಪತ್ರೆಯಾದರೆ 5 ರೋಗಿಗೆ ಒಬ್ಬ ನರ್ಸ್ ಇರಬೇಕು. ರಾತ್ರಿ ಹಾಗೆ ಇರುವುದಿಲ್ಲ. ಕೈ ಸಾಲದೆ ಉಳಿದ ಕೆಲಸಕ್ಕೂ, "ನನ್ನ ಕೆಲಸ ಅಲ್ಲ" ಅಂತ ಬಿಟ್ಟ ಕೆಲಸಕ್ಕೂ ಬಹಳ ವ್ಯತ್ಯಾಸ ಇದೆ. ಆಗದೆ ಉಳಿದದ್ದನ್ನು ಆಗಿಲ್ಲ ಅಂತಲೇ ಬರೆಯಿರಿ. ಜನ ಸಾಲುತ್ತಿಲ್ಲ ಅನ್ನುವುದಕ್ಕೆ ಅದೇ ನಿಮ್ಮ ಸಾಕ್ಷಿ. ಎಲ್ಲವೂ ಆಗಿದೆ ಅಂತ ಬರೆದರೆ ಮೇಲಿನವರು ಇನ್ನೊಬ್ಬರನ್ನು ಯಾಕೆ ಕೊಡುತ್ತಾರೆ?

ಎಲ್ಲರನ್ನೂ ಹೊರಳಿಸುವುದು ಬೇಕಿಲ್ಲ. ತಾವೇ ಹೊರಳುವವರನ್ನು ಬಿಡಿ. ಯಾರಿಗೆ ಬೆಡ್‌ಸೋರ್ ಆಗುವ ಅಪಾಯ ಎಷ್ಟು ಅಂತ ಅಳೆಯುವ ಬ್ರಾಡೆನ್ ಸ್ಕೇಲ್ ಹಾಕಿ ನೋಡಿ. ಅಂಕ 6ರಿಂದ 23ರವರೆಗೆ ಇರುತ್ತದೆ, 18 ಅಥವಾ ಅದಕ್ಕಿಂತ ಕಡಿಮೆ ಬಂದರೆ ಅಪಾಯ. ತೀರಾ ಕಡಿಮೆ ಬಂದವರ ಬೆಡ್ ನಂಬರನ್ನು ಕೈಯಲ್ಲಿ ಬರೆದುಕೊಂಡು ಅವರಿಂದ ಶುರು ಮಾಡಿ. ಇಂಜೆಕ್ಷನ್ ಕೊಡಲು ಹೋದಾಗಲೇ ಮಗ್ಗುಲು ಬದಲಿಸಿ, ಕೈ ತೊಳೆದು ಮುಂದಿನವರ ಹತ್ತಿರ ಹೋಗಿ. ಒಬ್ಬರೇ ಎಳೆಯಬೇಡಿ. ಎಳೆದರೆ ಚರ್ಮ ಹಾಸಿಗೆಗೆ ಉಜ್ಜಿ ಒಳಗಿಂದ ಹರಿಯುತ್ತದೆ. ಆಯಾನನ್ನೋ ರೋಗಿಯ ಮನೆಯವರನ್ನೋ ಕರೆದು ಡ್ರಾ ಶೀಟ್ (ರೋಗಿಯ ಮೈ ಕೆಳಗೆ ಅಡ್ಡ ಹಾಸಿದ ಬಟ್ಟೆ) ಹಿಡಿದು ಎತ್ತಿ ಹೊರಳಿಸಿ.

ಪ್ರಶ್ನೆ (ನರ್ಸಿಂಗ್ ವಿದ್ಯಾರ್ಥಿನಿ, ಬಳ್ಳಾರಿ):

ಮೇಡಂ, ನಮ್ಮ ಸೀನಿಯರ್ಸ್ ಬೆನ್ನಿಗೆ ಸ್ಪಿರಿಟ್ ಹಚ್ಚಿ ಜೋರಾಗಿ ತಿಕ್ಕಿ ಪೌಡರ್ ಹಾಕುತ್ತಾರೆ. ಹಿಮ್ಮಡಿ ಕೆಳಗೆ ಗ್ಲೌಸಿಗೆ ನೀರು ತುಂಬಿ ಇಡುತ್ತಾರೆ. ಇದು ಸರೀನಾ?

ಉತ್ತರ:

ಇಲ್ಲ ಮಗಳೇ, ಎರಡೂ ಹಳೆಯ ರೂಢಿ. ಸ್ಪಿರಿಟ್ ಚರ್ಮವನ್ನು ಒಣಗಿಸಿ ಬಿರುಕು ಬಿಡಿಸುತ್ತದೆ. ಬಣ್ಣ ಬದಲಾದ ಮೂಳೆಯ ಜಾಗವನ್ನು ತಿಕ್ಕಿದರೆ ಒಳಗಿನ ಗಾಯ ಹೆಚ್ಚಾಗುತ್ತದೆ. ಪೌಡರ್ ಬೆವರಿಗೆ ಸೇರಿ ಉಂಡೆ ಕಟ್ಟಿ ಚರ್ಮದ ಮಡಿಕೆಯಲ್ಲಿ ಕೂರುತ್ತದೆ. ಉಗುರು ಬೆಚ್ಚಗಿನ ನೀರು, ಮೆತ್ತನೆಯ ಬಟ್ಟೆ, ಕಡಿಮೆ ಸೋಪು ಸಾಕು. ಒತ್ತಿ ಒತ್ತಿ ಒಣಗಿಸಿ, ಉಜ್ಜಬೇಡಿ. ನೀರಿನ ಗ್ಲೌಸ್ ಬದಲು ಮೀನಖಂಡದ ಉದ್ದಕ್ಕೂ ದಿಂಬು ಇಟ್ಟು ಹಿಮ್ಮಡಿ ಯಾವುದಕ್ಕೂ ತಾಗದ ಹಾಗೆ ಮಾಡಿ.

ಬಾಯಿಯನ್ನೂ ಮರೆಯಬೇಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹುಯ್ಯಬಾರದು. ತಲೆ ಒಂದು ಕಡೆಗೆ ವಾಲಿಸಿ, ಬಾಯಿಯ ನೀರು ಎಳೆಯುವ ಸಕ್ಷನ್ ಹತ್ತಿರ ಇಟ್ಟುಕೊಂಡು, ಮಕ್ಕಳ ಮೆತ್ತನೆಯ ಬ್ರಷ್ ಸ್ವಲ್ಪವೇ ಒದ್ದೆ ಮಾಡಿ ಉಜ್ಜಿ. ಬಾಯಿಯ ಕೊಳೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ. ಲಕ್ವಾ ರೋಗಿಗಳಿಗೆ ಜೀವಕ್ಕೇ ಅಪಾಯ. ಕ್ಯಾತಿಟರ್ (ಮೂತ್ರದ ನಳಿಗೆ) ಇರುವ ಹೆಂಗಸರಿಗೆ ಮುಂದಿನಿಂದ ಹಿಂದಕ್ಕೆ ತೊಳೆಯಿರಿ. ಯೂರಿನ್ ಬ್ಯಾಗ್ ಹಾಸಿಗೆಗಿಂತ ಕೆಳಗೆ ಇರಲಿ, ನೆಲಕ್ಕೆ ಮುಟ್ಟದಿರಲಿ. ಮತ್ತೆ ಸ್ಕ್ರೀನ್ ಎಳೆಯದೆ ಯಾರ ಬಟ್ಟೆಯನ್ನೂ ಸರಿಸಬೇಡಿ, ವಾರ್ಡ್ ಎಷ್ಟೇ ಗಡಿಬಿಡಿ ಇದ್ದರೂ.

ಸೀನಿಯರ್ ಮುಂದೆ ಇದನ್ನು ಹೇಳಲು ಆಗದಿದ್ದರೆ ನಿಮ್ಮ ಕ್ಲಿನಿಕಲ್ ಇನ್‌ಸ್ಟ್ರಕ್ಟರ್‌ಗೆ ಹೇಳಿ. ವಾರ್ಡಿನಲ್ಲಿ ಒಂದು ಸಲ ಎಲ್ಲರ ಎದುರು ಮಾಡಿ ತೋರಿಸಲು ಕೇಳಿ. ವಿದ್ಯಾರ್ಥಿ ತಿದ್ದಿದರೆ ಕೋಪ ಬರುತ್ತದೆ, ಟೀಚರ್ ತೋರಿಸಿದರೆ ಸೀನಿಯರೂ ಪಕ್ಕದಲ್ಲಿ ನಿಂತು ನೋಡುತ್ತಾರೆ.